ಮನೆ ಮಂದಿಯೆಲ್ಲ ಗೋವಾಕ್ಕೆ ಬರುತ್ತಿದ್ದೀರಾ? ಕಾಯಿಲೆ ಬೀಳದೆ ತಿರುಗಾಡಿ ಹೋಗುವುದು ಹೀಗೆ

ಏಪ್ರಿಲ್ ಬಂತೆಂದರೆ ವಾಸ್ಕೊದ ನಮ್ಮ ಮನೆ ತುಂಬಿಬಿಡುತ್ತದೆ. ಹುಬ್ಬಳ್ಳಿಯಿಂದ ಅಣ್ಣ, ವೈನಿ, ಅವರ ಮಕ್ಕಳು. ಗದಗಿನಿಂದ ಕಾಕಾ, ಕಾಕು. ಸಮುದ್ರ ನೋಡಬೇಕು, ಮಂಗೇಶಿ, ಶಾಂತಾದುರ್ಗೆ ದರ್ಶನ ಮಾಡಬೇಕು, ಹಳೇ ಗೋವಾ ಚರ್ಚು ನೋಡಬೇಕು, ಎಲ್ಲ ನಾಲ್ಕು ದಿನದಲ್ಲಿ ಮುಗಿಯಬೇಕು.

ಎರಡು ವರ್ಷದ ಹಿಂದೆ ಹೀಗೇ ಬಂದಿದ್ದರು. ಎರಡನೇ ದಿನ ರಾತ್ರಿ ಹನ್ನೊಂದಕ್ಕೆ ಅಣ್ಣನ ಆರು ವರ್ಷದ ಮಗನಿಗೆ ವಾಂತಿ ಶುರುವಾಯಿತು. ಬೀಚಿನ ಹತ್ತಿರ ಐಸ್ ಹಾಕಿದ ಕಬ್ಬಿನ ಹಾಲು ಕುಡಿದಿದ್ದ, ಅದರದ್ದೇ ಇರಬೇಕು ಅಂದುಕೊಂಡೆವು. ಆದರೆ ಮೂರನೇ ದಿನ ಕಾಕು ಮಲಗಿದರು, ಸಂಜೆಗೆ ವೈನಿಯೂ ಮಲಗಿದಳು. ಅವರಿಬ್ಬರೂ ಕಬ್ಬಿನ ಹಾಲು ಮುಟ್ಟಿರಲಿಲ್ಲ. ಆಮೇಲೆ ಕೂತು ಯೋಚಿಸಿದರೆ ತಿಳಿಯಿತು. ಹುಡುಗನ ಬಾಯಿ ಒರೆಸಿದ ಟವೆಲ್ಲೇ ಬಚ್ಚಲಲ್ಲಿ ಎಲ್ಲರ ಕೈಗೂ ಸಿಗುತ್ತಿತ್ತು, ಕುಡಿಯುವ ನೀರಿನ ಕೊಡದಲ್ಲಿ ಎಲ್ಲರೂ ಲೋಟ ಅದ್ದುತ್ತಿದ್ದರು. ಮೊದಲನೆಯವನಿಗೆ ಹೊರಗಿಂದ ಬಂದಿರಬಹುದು, ಉಳಿದಿಬ್ಬರಿಗೆ ಬಂದದ್ದು ನಮ್ಮ ಮನೆಯೊಳಗಿಂದಲೇ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊರಗಿನ ಎಲ್ಲವನ್ನೂ ನಾವು ತಡೆಯಲು ಆಗುವುದಿಲ್ಲ. ಆದರೆ ಒಬ್ಬರಿಗೆ ಬಂದದ್ದು ಒಂಬತ್ತು ಜನಕ್ಕೆ ಹಬ್ಬದಂತೆ ತಡೆಯುವುದು ಖಂಡಿತ ಆಗುತ್ತದೆ.

ಹೊರಡುವ ಮೊದಲು

ಟಿಕೆಟ್ ಮಾಡಿಸಿದ ದಿನವೇ ಔಷಧಿ ಡಬ್ಬಿಯ ಕೆಲಸ ಶುರು ಮಾಡಿ, ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಓಆರ್‌ಎಸ್ ಪೊಟ್ಟಣ ಕನಿಷ್ಠ ಆರು. ಥರ್ಮಾಮೀಟರ್ ಒಂದು. ಪ್ಯಾರಾಸಿಟಮಾಲ್, ದೊಡ್ಡವರದ್ದು ಬೇರೆ, ಮಕ್ಕಳ ಸಿರಪ್ ಬೇರೆ. ಮಗುವಿನ ತೂಕಕ್ಕೆ ಎಷ್ಟು ಎಂಎಲ್ ಅಂತ ನಿಮ್ಮ ಡಾಕ್ಟರರನ್ನು ಕೇಳಿ ಆ ಬಾಟಲಿಯ ಮೇಲೆಯೇ ಪೆನ್ನಿನಲ್ಲಿ ಬರೆದಿಡಿ, ಏಕೆಂದರೆ ನಡುರಾತ್ರಿ ಗಾಬರಿಯಲ್ಲಿ ಯಾರಿಗೂ ಲೆಕ್ಕ ನೆನಪಾಗುವುದಿಲ್ಲ. ಮಕ್ಕಳಿದ್ದರೆ ಭೇದಿಯಾದಾಗ ಕೊಡುವ ಜಿಂಕ್ ಔಷಧಿಯ ಬಗ್ಗೆಯೂ ಆಗಲೇ ಕೇಳಿಬಿಡಿ. ಹಿರಿಯರ ಬಿಪಿ, ಶುಗರ್ ಮಾತ್ರೆ ಎರಡು ದಿನದ್ದು ಜಾಸ್ತಿ ಇರಲಿ, ಮತ್ತು ಅದು ದೊಡ್ಡ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿ ಇರಲಿ.

ಫ್ಲೂ ಲಸಿಕೆ, ಟೈಫಾಯಿಡ್ ಲಸಿಕೆ ಹಾಕಿಸುವುದಿದ್ದರೆ ಕನಿಷ್ಠ ಎರಡು ವಾರ ಮೊದಲು ಹಾಕಿಸಿ. ದೇಹ ಅದಕ್ಕೆ ತಯಾರಾಗಲು ಅಷ್ಟು ದಿನ ಬೇಕು.

ಇನ್ನೊಂದು ಮಾತು, ಹೇಳಲು ಸ್ವಲ್ಪ ಕಷ್ಟ. ಹೊರಡುವ ದಿನ ಮಗುವಿಗೆ ಜ್ವರ ಇದ್ದರೆ, ಕಣ್ಣು ಕೆಂಪಾಗಿ ಕೀವು ಕಟ್ಟಿದ್ದರೆ, ಲೂಸ್ ಮೋಷನ್ ಆಗುತ್ತಿದ್ದರೆ ಪ್ರವಾಸ ಮುಂದಕ್ಕೆ ಹಾಕಿ. ದುಡ್ಡು ಹೋಗುತ್ತದೆ, ನಿಜ. ಆದರೆ ಒಂದೇ ಬೋಗಿಯಲ್ಲಿ, ಒಂದೇ ರೂಮಿನಲ್ಲಿ ಎಂಟು ಜನ ಇದ್ದಾಗ ಅದು ಅಜ್ಜ ಅಜ್ಜಿಗೆ ಹತ್ತದೆ ಇರುವುದಿಲ್ಲ.

ರೈಲಿನಲ್ಲಿ, ಬಸ್ಸಿನಲ್ಲಿ

ನಮ್ಮ ಕಡೆಯವರ ದಾರಿಯ ಬುತ್ತಿ ಬಹಳ ಒಳ್ಳೆಯದು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಚ್ಚಿದ ಚುರುಮುರಿ. ನೀರಿನ ಅಂಶ ಇಲ್ಲದ್ದರಲ್ಲಿ ಕ್ರಿಮಿ ಬೆಳೆಯಲು ಆಗುವುದಿಲ್ಲ, ಅದಕ್ಕೇ ಇವು ದಿನಗಟ್ಟಲೆ ಇರುತ್ತವೆ. ಕೆಡುವುದು ಅನ್ನ ಮತ್ತು ಪಲ್ಯ. ಬೆಳಿಗ್ಗೆ ಐದಕ್ಕೆ ಬಿಸಿ ಬಿಸಿ ಡಬ್ಬಿಗೆ ತುಂಬಿದ ಚಿತ್ರಾನ್ನವನ್ನು ಮಧ್ಯಾಹ್ನ ಎರಡಕ್ಕೆ ತೆಗೆದರೆ ವಾಸನೆ ಬರದೆ ಇರಬಹುದು. ಆದರೂ ಅದರಲ್ಲಿ ವಿಷ ಆಗಿರಬಹುದು. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಯಿಸಿದ ಅಡುಗೆ ಹೊರಗೆ ಎರಡು ಗಂಟೆ ಇರಬಹುದು, ಮೇ ತಿಂಗಳ ಸೆಕೆಯಲ್ಲಿ ಒಂದೇ ಗಂಟೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಕ್ಯಾಸಲ್ ರಾಕ್ ದಾಟಿದ ಮೇಲೆ ಎಲ್ಲರೂ ದೂಧಸಾಗರ ನೋಡಲು ಬಾಗಿಲಿಗೆ ಓಡುತ್ತಾರೆ, ಸರಳು ಹಿಡಿದು ನಿಲ್ಲುತ್ತಾರೆ, ಆಮೇಲೆ ಅದೇ ಕೈಯಲ್ಲಿ ಚುರುಮುರಿ. ತಿನ್ನುವ ಮೊದಲು ಕೈ ತೊಳೆಯಿರಿ, ಇಷ್ಟೇ ನಿಯಮ. ಒಂದು ಸಣ್ಣ ಬಾಟಲಿಯಲ್ಲಿ ಲಿಕ್ವಿಡ್ ಸೋಪು ಇಟ್ಟುಕೊಂಡರೆ ಬಹಳ ಅನುಕೂಲ. 20 ಸೆಕೆಂಡ್ ಉಜ್ಜಬೇಕು, ಬೆರಳ ಸಂದಿ, ಉಗುರಿನ ಕೆಳಗೆ, ಹೆಬ್ಬೆರಳಿನ ಸುತ್ತ. ಸ್ಯಾನಿಟೈಸರ್ ನೀರು ಸಿಗದಿದ್ದಾಗ ಮಾತ್ರ, ಅದರಲ್ಲೂ ಆಲ್ಕೊಹಾಲ್ 60 ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ ಉಪಯೋಗ ಇಲ್ಲ. ಮರಳು, ಎಣ್ಣೆ ಹತ್ತಿದ ಕೈಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಮನೆ ಮಂದಿಗೆಲ್ಲ ವಾಂತಿ-ಭೇದಿ ಹಬ್ಬಿಸುವ ನೊರೊವೈರಸ್‌ಗೂ ಸ್ಯಾನಿಟೈಸರ್ ಸಾಲದು, ಸೋಪು-ನೀರೇ ಬೇಕು.

ಪಕ್ಕದ ಸೀಟಿನವರು ಕೆಮ್ಮುತ್ತಿದ್ದರೆ ಹಿರಿಯರಿಗೆ ಮಾಸ್ಕ್ ಹಾಕಿಸಿ, ಕಿಟಕಿ ತೆಗೆಯಲು ಬರುವಂತಿದ್ದರೆ ತೆಗೆಯಿರಿ.

ರೂಮು ಸೇರಿದ ಕೂಡಲೇ

ಟಿವಿ ರಿಮೋಟ್, ಸ್ವಿಚ್ಚು, ಬಾಗಿಲ ಹಿಡಿ ಒರೆಸಿಕೊಳ್ಳಿ ಅಂತ ಎಲ್ಲ ಕಡೆ ಬರೆಯುತ್ತಾರೆ. ಒರೆಸಿ, ಎರಡು ನಿಮಿಷದ ಕೆಲಸ. ಆದರೆ ನನ್ನ ಪ್ರಕಾರ ಅದಕ್ಕಿಂತ ಮುಖ್ಯವಾದವು ಬೇರೆ ಇವೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಟವೆಲ್, ಬೇರೆ ಬೇರೆ ನೀರಿನ ಬಾಟಲಿ. ಬಾಟಲಿಗೆ ಬಣ್ಣದ ದಾರ ಕಟ್ಟಿ. ನಮ್ಮ ಮನೆಯಲ್ಲಿ ಈಗ ಹಾಗೇ ಮಾಡುತ್ತೇವೆ, ಕೆಂಪು ಅಣ್ಣನ ಮಗನದ್ದು, ಹಸಿರು ಅವನ ತಂಗಿಯದ್ದು. ನಾಲ್ಕು ವರ್ಷದ ಆ ಕೂಸು ಬೇರೆಯವರ ಬಾಟಲಿ ಕೊಟ್ಟರೆ ತಳ್ಳಿಬಿಡುತ್ತದೆ. ಬಚ್ಚಲಲ್ಲಿ ಸೋಪಿನ ಬಿಲ್ಲೆ ಇದ್ದರೆ ಒಳ್ಳೆಯದೇ, ಇಲ್ಲದಿದ್ದರೆ ನಿಮ್ಮ ಲಿಕ್ವಿಡ್ ಸೋಪು ಅಲ್ಲಿಡಿ.

ಆಮೇಲೆ ಕಿಟಕಿಯ ಜಾಳಿಗೆ ನೋಡಿ, ಹರಿದಿದೆಯಾ ಅಂತ. ಬಾಲ್ಕನಿಯಲ್ಲಿ ಹೂಕುಂಡದ ತಟ್ಟೆಯಲ್ಲಿ ನೀರು ನಿಂತಿದ್ದರೆ ಚೆಲ್ಲಿಬಿಡಿ. ಡೆಂಗಿ ಸೊಳ್ಳೆ ಅಂಥಲ್ಲೇ ಮೊಟ್ಟೆ ಇಡುವುದು, ಅದು ಕಚ್ಚುವುದು ಹಗಲಲ್ಲಿ, ಬೆಳಿಗ್ಗೆ ಮತ್ತು ಮುಸ್ಸಂಜೆಗೆ ಮುಂಚೆ ಜಾಸ್ತಿ. ಮಲೇರಿಯಾದ್ದು ರಾತ್ರಿ ಕಚ್ಚುತ್ತದೆ. ಅಂದರೆ ಸೊಳ್ಳೆ ಕ್ರೀಮು ಹಗಲಿಗೂ ಬೇಕು. ಬಿಸಿಲಿನ ಕ್ರೀಮು ಮೊದಲು ಹಚ್ಚಿ, ಅದು ಒಣಗಿದ ಮೇಲೆ ಸೊಳ್ಳೆ ಕ್ರೀಮು. ಚಿಕ್ಕ ಮಕ್ಕಳ ಅಂಗೈಗೆ ಹಚ್ಚಬೇಡಿ, ಬಾಯಿಗೆ ಹಾಕಿಕೊಳ್ಳುತ್ತವೆ.

ನೀರು, ಐಸು, ಲೋಟ ಅದ್ದುವ ಬಕೆಟ್ಟು

ಜಾಸ್ತಿ ಜನ ಎಡವುವುದು ಇಲ್ಲೇ. ನೀರಿನ ವಿಷಯದಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ, ಸೀಲ್ ಇರುವ ಬಾಟಲಿ ಕೊಳ್ಳುತ್ತಾರೆ. ಆದರೆ ಐಸು ಕೂಡ ನೀರೇ ಅಲ್ವಾ? ಅದು ಯಾವ ನೀರು, ಯಾವ ಗೋಣಿಚೀಲದಲ್ಲಿ ಬಂತು, ಯಾರು ನೆಲದ ಮೇಲೆ ಇಟ್ಟು ಒಡೆದರು ನಮಗೆ ಗೊತ್ತಿಲ್ಲ. ಮೀನು ಕೆಡದಂತೆ ಇಡುವ ಐಸು ಬೇರೆ, ತಿನ್ನುವ ಐಸು ಬೇರೆ. ಪಕ್ಕದ ಮಹಾರಾಷ್ಟ್ರದಲ್ಲಿ ಇವೆರಡೂ ಬೆರೆಯಬಾರದು ಅಂತಲೇ 2018ರಲ್ಲಿ ತಿನ್ನದ ಐಸಿಗೆ ನೀಲಿ ಬಣ್ಣ ಹಾಕುವ ನಿಯಮ ತಂದರು. ಮುಂಬೈ, ಪುಣೆ ಕಡೆ ಹೋದವರು ನೀಲಿ ಐಸು ಕಂಡರೆ ಅದು ಪಾನಕಕ್ಕೆ ಅಲ್ಲ ಎಂದು ತಿಳಿಯಿರಿ.

ಫ್ರೀಜರಿನಲ್ಲಿ ಹೆಪ್ಪುಗಟ್ಟಿದರೆ ಕ್ರಿಮಿ ಸಾಯುತ್ತವೆ ಎಂಬ ನಂಬಿಕೆ ಬಹಳ ಜನರಿಗಿದೆ. ಎಷ್ಟೋ ಕ್ರಿಮಿ ಸಾಯುವುದಿಲ್ಲ, ಸುಮ್ನೆ ಮಲಗಿರುತ್ತವೆ, ಕರಗಿದ ಮೇಲೆ ಮತ್ತೆ ಏಳುತ್ತವೆ.

ಅವತ್ತಿನ ಕಬ್ಬಿನ ಹಾಲಿನ ಗಾಡಿ ನನಗೆ ಇನ್ನೂ ಕಣ್ಣ ಮುಂದಿದೆ. ಗಾಡಿಯ ಕೆಳಗೆ ಒಂದು ಪ್ಲಾಸ್ಟಿಕ್ ಬಕೆಟ್, ಅರ್ಧ ನೀರು, ಮೇಲೆ ಕಬ್ಬಿನ ರಸದ ನೊರೆ. ಕುಡಿದ ಗಾಜಿನ ಲೋಟವನ್ನು ಅದರಲ್ಲಿ ಒಂದು ಸಲ ಮುಳುಗಿಸಿ ತೆಗೆದು, ಕೊಡವಿ, ಮುಂದಿನವರಿಗೆ ತುಂಬುತ್ತಿದ್ದ. ಹತ್ತು ಜನರ ಬಾಯಿ ಒಂದೇ ಬಕೆಟ್ಟಿನಲ್ಲಿ. ಕಾಕಾನಿಗೆ ಹೇಳಿದೆ, "ಬ್ಯಾಡ ಕಾಕಾ" ಅಂತ. "ನಾವು ಹಳ್ಳದ ನೀರ ಕುಡದು ಬೆಳದೇವಿ, ನಮಗೇನ ಆಗತೈತಿ ಬಿಡವಾ" ಅಂದರು. ಅವರಿಗೆ ಏನೂ ಆಗಲಿಲ್ಲ, ನಿಜ. ಹುಡುಗನಿಗೆ ಆಯಿತು. ಊರಿನ ನೀರು ಒಗ್ಗಿದ ಹೊಟ್ಟೆಗೆ ಬೇರೆ ಊರಿನ ನೀರು ಒಗ್ಗಬೇಕೆಂದಿಲ್ಲ, ಅದರಲ್ಲೂ ಮಕ್ಕಳ ಹೊಟ್ಟೆ.

ಹಾಗಾದರೆ ಏನು ಕುಡಿಯಬೇಕು? ಎಳನೀರು, ನಿಮ್ಮ ಮುಂದೆಯೇ ಕೆತ್ತಿದ್ದು. ಕುದಿಯುವ ಚಹಾ. ಸೀಲ್ ಇರುವ ಬಾಟಲಿ. ಕಬ್ಬಿನ ಹಾಲು ಕುಡಿಯಲೇಬೇಕೆಂದರೆ ಐಸು ಇಲ್ಲದೆ, ನಿಮ್ಮದೇ ಲೋಟದಲ್ಲಿ. ನಾನು ಪರ್ಸಿನಲ್ಲಿ ಎರಡು ಸ್ಟೀಲ್ ಲೋಟ ಇಟ್ಟುಕೊಂಡೇ ಓಡಾಡುತ್ತೇನೆ. ಬಾಟಲಿ ಕೊಳ್ಳುವಾಗ ಮುಚ್ಚಳದ ಉಂಗುರ ಕಟ್ ಅಂತ ಮುರಿಯುವ ಸದ್ದು ಬರಬೇಕು, ತಯಾರಿಸಿದ ತಾರೀಕು, ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ರೂಮಿನಲ್ಲಿ ಕೆಟಲ್ ಇದ್ದರೆ ಇನ್ನೂ ಸುಲಭ: ನೀರು ಚೆನ್ನಾಗಿ ಮರಳಿ ಒಂದು ನಿಮಿಷ ಕುದಿದರೆ ಸಾಕು, ಆರಿಸಿ ಬಾಟಲಿಗೆ ತುಂಬಿ. ಕೆಟಲ್ ತಾನಾಗಿ ಬಂದ್ ಆದರೆ ಇನ್ನೊಂದು ಸಲ ಒತ್ತಿ. ಚಿಕ್ಕ ಮಕ್ಕಳು ಹಲ್ಲುಜ್ಜುವಾಗ ನೀರು ನುಂಗುತ್ತವೆ, ಅದಕ್ಕೂ ಇದೇ ನೀರು ಕೊಡಿ.

ಊಟ

ಬಿಸಿಯಾಗಿರಬೇಕು, ಹೊಗೆ ಆಡುತ್ತಿರಬೇಕು. ಜನ ತುಂಬಿದ ಸಣ್ಣ ಖಾನಾವಳಿ, ಖಾಲಿ ಕೂತಿರುವ ದೊಡ್ಡ ಹೋಟೆಲಿಗಿಂತ ಎಷ್ಟೋ ಮೇಲು. ಅಲ್ಲಿ ಅಡುಗೆ ನಿಲ್ಲುವುದೇ ಇಲ್ಲ, ಖಾಲಿಯಾಗುತ್ತಲೇ ಇರುತ್ತದೆ. ಬಫೆಯಲ್ಲಿ ಬೆಳಗಿನಿಂದ ಇಟ್ಟ ಹಸಿ ತರಕಾರಿ, ಹೆಚ್ಚಿಟ್ಟ ಕಲ್ಲಂಗಡಿ ಬಿಡಿ. ಬಾಳೆಹಣ್ಣು, ಮಾವಿನಹಣ್ಣು ತಂದು ನೀವೇ ತೊಳೆದು ಸುಲಿದು ತಿನ್ನಿ. ಕೋಕಂ ಹುಳಿಯ ಪಾನಕ ಸೋಲ್ ಕಢಿ ಇಲ್ಲಿ ಬಹಳ ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ತೆಂಗಿನ ಹಾಲು ಇರುತ್ತದೆ, ಬೇಗ ಕೆಡುತ್ತದೆ. ಮಧ್ಯಾಹ್ನದ ಊಟಕ್ಕೆ ಕುಡಿಯಿರಿ, ರಾತ್ರಿ ಹತ್ತಕ್ಕೆ ಬೇಡ.

ಮೀನು ತಿನ್ನುವವರಿಗೆ ಎರಡು ಮಾತು. ಚಿಪ್ಪಿನ ಮೀನು ತಾನಿರುವ ನೀರನ್ನೇ ಸೋಸಿ ತಿನ್ನುತ್ತದೆ, ಆ ನೀರಿನಲ್ಲಿದ್ದ ಕೊಳೆಯೆಲ್ಲ ಅದರೊಳಗೆ ಸೇರಿರುತ್ತದೆ, ಆದ್ದರಿಂದ ಪೂರ್ತಿ ಬೇಯದೆ ತಿನ್ನಬೇಡಿ. ಬಂಗಡೆ ತಾಜಾ ಇರಬೇಕು. ಐಸಿಲ್ಲದೆ ಬಿಸಿಲಲ್ಲಿ ಇಟ್ಟ ಬಂಗಡೆಯಲ್ಲಿ ಹಿಸ್ಟಮೈನ್ ಅನ್ನುವ ವಸ್ತು ತುಂಬಿಕೊಳ್ಳುತ್ತದೆ, ಹುರಿದರೂ ಹೋಗುವುದಿಲ್ಲ. ತಿಂದ ಅರ್ಧ-ಒಂದು ಗಂಟೆಯಲ್ಲಿ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ನಾಲಿಗೆಗೆ ಮೆಣಸಿನಂತೆ ಚುರ್ ಅಂದರೆ ಅಲ್ಲಿಗೇ ನಿಲ್ಲಿಸಿ.

ಬೀಚು, ಈಜುಕೊಳ, ಕಾಡು

ಮಗು ಮರಳಲ್ಲಿ ಆಡುತ್ತ ಕೈಯಲ್ಲಿ ಸುಟ್ಟ ಗೋವಿನಜೋಳದ ತೆನೆ ಹಿಡಿದಿರುತ್ತದೆ. ಬೀಳಿಸುತ್ತದೆ, ಫ್ರಾಕಿಗೆ ಒರೆಸಿಕೊಂಡು ಮತ್ತೆ ಕಚ್ಚುತ್ತದೆ. ಆ ಮರಳಲ್ಲಿ ನಾಯಿಗಳೂ ಓಡಾಡಿರುತ್ತವೆ. ತಿನ್ನುವುದಾದರೆ ನೀರಿನಿಂದ ಎದ್ದು ಬಂದು, ಬಾಟಲಿ ನೀರಲ್ಲಿ ಕೈ ತೊಳೆದು, ಚಾಪೆ ಮೇಲೆ ಕೂತು ತಿನ್ನಲಿ.

ಕೆಲವು ಬೀಚುಗಳಲ್ಲಿ ಒಂದು ಸಣ್ಣ ಹಳ್ಳ ಹರಿದು ಬಂದು ಸಮುದ್ರ ಸೇರುತ್ತದೆ. ನೀರು ಬೆಚ್ಚಗೆ, ಮೊಣಕಾಲುದ್ದ, ಅಲೆ ಇಲ್ಲ. ತಾಯಂದಿರಿಗೆ ಧೈರ್ಯ, ಮಕ್ಕಳನ್ನು ಅಲ್ಲೇ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಊರೊಳಗಿನ ಚರಂಡಿ ನೀರು ಸೇರುವುದು ಅಂಥ ಹಳ್ಳಕ್ಕೇ. ಜೋರು ಮಳೆ ಬಿದ್ದ ಮೇಲೆ ಮೂರು ದಿನ ಸಮುದ್ರದ ನೀರೂ ಬಾಯಿಗೆ ಹೋಗದಿದ್ದರೆ ಒಳ್ಳೆಯದು. ಶುಗರ್ ಇರುವ ಹಿರಿಯರು ಬರಿಗಾಲಲ್ಲಿ ಮರಳ ಮೇಲೆ ನಡೆಯಬಾರದು, ಕಾಲು ಸುಟ್ಟರೂ ಚಿಪ್ಪು ಚುಚ್ಚಿದರೂ ಅವರಿಗೆ ಗೊತ್ತಾಗುವುದಿಲ್ಲ, ಆ ಗಾಯ ಬೇಗ ಮಾಯುವುದೂ ಇಲ್ಲ.

ಈಜುಕೊಳದ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಆದರೂ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಭೇದಿಯ ಕ್ರಿಮಿ ಕ್ಲೋರಿನ್ ನೀರಲ್ಲಿ ಒಂದು ವಾರಕ್ಕಿಂತ ಜಾಸ್ತಿ ಬದುಕಬಲ್ಲದು. ನೀರು ನುಂಗಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿ. ಭೇದಿ ಆಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸಬೇಡಿ, ಬೇರೆಯವರ ಮಕ್ಕಳೂ ಅಲ್ಲಿರುತ್ತವೆ.

ಸತ್ತರಿ ತಾಲ್ಲೂಕಿನ ಗೇರು ತೋಟ, ಕಾಡು ನೋಡಲು ಹೋಗುವವರು ಮಂಗನ ಕಾಯಿಲೆ ನೆನಪಿಟ್ಟುಕೊಳ್ಳಿ. 1957ರಲ್ಲಿ ನಮ್ಮ ಶಿವಮೊಗ್ಗದ ಕ್ಯಾಸನೂರಿನಲ್ಲಿ ಕಂಡದ್ದು, 2015ರಲ್ಲಿ ಸತ್ತರಿಯಲ್ಲೂ ಬಂತು. ಉಣುಗು ಕಚ್ಚಿದರೆ ಹರಡುತ್ತದೆ, ಬೇಸಿಗೆಯಲ್ಲಿ ಜಾಸ್ತಿ. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ, ತರಗೆಲೆ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ರೂಮಿಗೆ ಬಂದು ಬಿಸಿ ನೀರಲ್ಲಿ ಸ್ನಾನ ಮಾಡಿ, ಬಟ್ಟೆ ತೊಳೆಯಿರಿ.

ಮಳೆಗಾಲದಲ್ಲಿ ಬರುವವರು, ಅದರಲ್ಲೂ ಮುಂಬೈ ಮೇಲೆ ಹಾದು ಬರುವವರು, ನಿಂತ ನೀರಲ್ಲಿ ಕಾಲಿಡಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು, ನೀರು ಇಳಿದ ಮೇಲೆ ಮುಂಬೈಯಲ್ಲಿ ಇಲಿಜ್ವರ ಹಬ್ಬಿತು. ಇಲಿಯ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯದಿಂದ ಒಳಗೆ ಹೋದರೂ ಸಾಕು. ಅಂಥ ನೀರಲ್ಲಿ ನಡೆಯಲೇಬೇಕಾಗಿ ಬಂದರೆ ಸೋಪಿನಿಂದ ಕಾಲು ತೊಳೆದು, ಮೂರು ದಿನದ ಒಳಗೆ ಡಾಕ್ಟರನ್ನು ಕಾಣಿ, ತಡೆಯುವ ಮಾತ್ರೆ ಇದೆ.

ಒಬ್ಬರಿಗೆ ಶುರುವಾದರೆ

ಮೊದಲ ಕೆಲಸ ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಅರ್ಧ ಪೊಟ್ಟಣ, ಒಂದು ಲೋಟ ಅಂತ ಅಂದಾಜಿಗೆ ಮಾಡಬೇಡಿ, ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ. 200 ಎಂಎಲ್‌ಗೆ ಆಗುವ ಸಣ್ಣ ಪೊಟ್ಟಣವೂ ಸಿಗುತ್ತದೆ, ಮೇಲೆ ಬರೆದಿರುತ್ತದೆ, ಓದಿ. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ತಲೆ ಸವರಿದ ಅಳತೆ. ಅಂಗಡಿಯಲ್ಲಿ ಹಣ್ಣಿನ ರುಚಿಯ ಸಿಹಿ ಡಬ್ಬಿಗಳನ್ನು ಇದರ ಬದಲಿಗೆ ಕೊಡುತ್ತಾರೆ, ತೊಗೊಳ್ಳಬೇಡಿ, ಅದರ ಸಕ್ಕರೆಯಿಂದ ಭೇದಿ ಇನ್ನೂ ಜಾಸ್ತಿಯಾಗಬಹುದು. 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ ಅಂಥ ಪೇಯಗಳ ಹೆಸರಿನಲ್ಲಿ ಓಆರ್‌ಎಸ್ ಅಂತ ಬರೆಯುವುದನ್ನೇ ನಿಲ್ಲಿಸಲು ಆದೇಶ ಮಾಡಿದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಾಲನಾಬಿಸ್ ಅವರು ಇಷ್ಟೇ ಸರಳವಾದ ಉಪ್ಪು-ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು, ಮನೆಯವರ ಕೈಯಿಂದಲೇ ಕುಡಿಸಿ ಎಷ್ಟೋ ಜೀವ ಉಳಿಸಿದರು. ಆದ್ದರಿಂದ ಇದನ್ನು ಸಣ್ಣದೆಂದು ತಿಳಿಯಬೇಡಿ.

ವಾಂತಿ ಮಾಡುತ್ತಿರುವ ಮಗುವಿಗೆ ಲೋಟ ಹಿಡಿದು ಕುಡಿಸಿದರೆ ಎಲ್ಲ ಹೊರಗೆ ಬರುತ್ತದೆ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಡಿ. ಆಮೇಲೆ ಚಮಚದಲ್ಲಿ, ಎರಡು ಮೂರು ನಿಮಿಷಕ್ಕೆ ಒಂದು. ಅವತ್ತು ವೈನಿ ಹುಡುಗನ ತಲೆ ತೊಡೆ ಮೇಲೆ ಇಟ್ಟುಕೊಂಡಿದ್ದಳು, ನಾನು ಗೋಡೆ ಗಡಿಯಾರ ನೋಡುತ್ತ ಚಮಚ ಹಿಡಿದಿದ್ದೆ. ಮೊದಲ ಮೂರು ಚಮಚ ಹೊರಗೆ ಬಂತು. ಆಮೇಲಿನದು ನಿಂತಿತು. ನಾಲ್ಕು ಗಂಟೆ ಹೊತ್ತಿಗೆ ಅವನು ಎದ್ದು ಮೂತ್ರಕ್ಕೆ ಹೋದ, ವೈನಿ ಆಗ ಅತ್ತುಬಿಟ್ಟಳು. ಪ್ರತಿ ಸಲ ಭೇದಿ ಆದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಎಂಎಲ್ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಗಂಜಿ, ಮೊಸರನ್ನ ತಿನ್ನುತ್ತೇನೆ ಅಂದರೆ ಕೊಡಿ, ಉಪವಾಸ ಕೆಡವಬೇಡಿ. ಭೇದಿ ಕಟ್ಟುವ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬೇಡಿ, ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯೋಟಿಕ್ ನುಂಗಿಸಬೇಡಿ.

ಎರಡನೇ ಕೆಲಸ, ಉಳಿದವರನ್ನು ಕಾಯುವುದು. ಕಾಯಿಲೆಯವರನ್ನು ನೋಡಿಕೊಳ್ಳುವವರು ಒಬ್ಬರೇ ಇರಲಿ, ಅವರು ಅಡುಗೆಗೆ, ಬಡಿಸಲು ಹೋಗಬಾರದು. ಎರಡು ಬಚ್ಚಲಿದ್ದರೆ ಒಂದನ್ನು ಕಾಯಿಲೆಯವರಿಗೇ ಬಿಡಿ. ವಾಂತಿಯನ್ನು ಕಸಬರಿಗೆಯಿಂದ ಎಳೆದಾಡಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಹಳೇ ಪೇಪರಿನಿಂದ ಎತ್ತಿ ಕಟ್ಟಿ ಬಿಸಾಡಿ, ಆ ಜಾಗವನ್ನು ಬ್ಲೀಚಿಂಗ್ ನೀರಿನಿಂದ ಒರೆಸಿ, ಕಿಟಕಿ ತೆಗೆಯಿರಿ. ಟವೆಲ್, ಹಾಸಿಗೆ ಬಟ್ಟೆ ಕೊಡವದೆ ಸುತ್ತಿ ತೆಗೆದು ಬಿಸಿ ನೀರಿಗೆ ಹಾಕಿ. ವಾಂತಿ-ಭೇದಿ ನಿಂತ ಮೇಲೂ ಎರಡು ದಿನ ಅವರು ಬೇರೆಯವರ ಊಟ ಮುಟ್ಟುವುದು ಬೇಡ, ಆ ಎರಡು ದಿನವೂ ವೈರಸ್ ಹೊರಗೆ ಬರುತ್ತಲೇ ಇರುತ್ತದೆ.

ಮನೆಯಲ್ಲಿ ಕಾಯುತ್ತ ಕೂರಬಾರದ ಲಕ್ಷಣ ಇವು: ಆರೇಳು ಗಂಟೆ ಮೂತ್ರ ಆಗದಿರುವುದು, ಅತ್ತರೆ ಕಣ್ಣೀರು ಬರದಿರುವುದು, ಕಣ್ಣು ಗುಳಿ ಬೀಳುವುದು, ಮಗು ಮಂಕಾಗಿ ಎಬ್ಬಿಸಿದರೂ ಏಳದಿರುವುದು, ಮಲದಲ್ಲಿ ರಕ್ತ, ಒಂದು ಚಮಚವೂ ಹೊಟ್ಟೆಯಲ್ಲಿ ನಿಲ್ಲದಿರುವುದು, ಇಳಿಯದ ಜ್ವರ. ಇದರಲ್ಲಿ ಯಾವ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಪಣಜಿ ಕಡೆ ಇದ್ದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು, ದಕ್ಷಿಣದಲ್ಲಿ ಮಡಗಾಂವ್ ಜಿಲ್ಲಾ ಆಸ್ಪತ್ರೆ, ಉತ್ತರದಲ್ಲಿ ಮಾಪುಸಾ ಜಿಲ್ಲಾ ಆಸ್ಪತ್ರೆ, ವಾಸ್ಕೊದವರಿಗೆ ಚಿಕಲಿಂ ಸರ್ಕಾರಿ ಆಸ್ಪತ್ರೆ. ವಾಸ್ಕೊದಲ್ಲಿ ಕನ್ನಡ ಬಲ್ಲವರು ಬೇಕಾದಷ್ಟು ಜನ ಇದ್ದಾರೆ, ಭಾಷೆ ಬರಲ್ಲ ಅಂತ ಹಿಂಜರಿಯಬೇಡಿ.

ಊರಿಗೆ ಮರಳಿದ ಮೇಲೆ

ಡೆಂಗಿ, ಮಲೇರಿಯಾ, ಇಲಿಜ್ವರ ಎಷ್ಟೋ ಸಲ ಊರಿಗೆ ಹೋಗಿ ಒಂದೆರಡು ವಾರಕ್ಕೆ ಹೊರಬೀಳುತ್ತವೆ. ಮಲೇರಿಯಾ ತಿಂಗಳುಗಳ ನಂತರವೂ ಬರಬಹುದು. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಡೆಂಗಿ ಇದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಕೊಟ್ಟಾಗ ರಕ್ತಸ್ರಾವದ ಭಯ ಇದೆ. ಡಾಕ್ಟರ ಮುಂದೆ ಕೂತ ಕೂಡಲೇ ಮೊದಲ ಮಾತೇ ಇದಾಗಿರಲಿ: "ಹೋದ ವಾರ ಗೋವಾಕ್ಕೆ ಹೋಗಿದ್ವಿ ಸಾರ್, ಇಂಥ ತಾರೀಕಿಂದ ಇಂಥ ತಾರೀಕಿನವರೆಗೆ." ಕಾಡಿಗೆ ಹೋಗಿದ್ದರೆ, ನಿಂತ ನೀರಲ್ಲಿ ನಡೆದಿದ್ದರೆ ಅದನ್ನೂ ಹೇಳಿ. ಯಾವ ರಕ್ತ ಪರೀಕ್ಷೆ ಬರೆಯಬೇಕು ಅನ್ನುವುದು ಅವರಿಗೆ ಆಗಲೇ ಗೊತ್ತಾಗುತ್ತದೆ.